ಸೂತ್ರದಲ್ಲಿ ಮೀಟರ್ ಯಾಕೆ ವಾಲುತ್ತದೆ, ಗ್ರಾಂ ಯಾಕೆ ಒಡೆಯುತ್ತದೆ: ಮ್ಯಾಥ್‌ಎಂಎಲ್‌ನಲ್ಲಿ ಏಕಮಾನಗಳ ದೋಷ ಹುಡುಕುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸಿಲೆಬಸ್ಸಿನ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಆದರೆ ಅದಕ್ಕೆ ಹೊಂದುವ ವರ್ಕ್‌ಶೀಟು, ಮಾದರಿ ಪ್ರಶ್ನೆ, ಬಿಡಿಸಿದ ಲೆಕ್ಕ ಬೇಕಾದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಾಷ್ಟ್ರುಗಳು, ಟೀಚರುಗಳೇ ಕೂತು ಮಾಡಬೇಕು. ಬೆಂಗಳೂರಿನ ಸಾಮಗ್ರಿ ಸಿಲೆಬಸ್ಸಿಗೆ ಸರಿಹೋಗುವುದಿಲ್ಲ, ತಿರುವನಂತಪುರದಿಂದ ಬರುವುದರಲ್ಲಿ ಜಾಸ್ತಿ ಮಲಯಾಳದ್ದೇ. ಹಾಗೆ ಮಾಡಿದ್ದನ್ನು ಮ್ಯಾಥ್‌ಎಂಎಲ್‌ನಲ್ಲಿ, ಅಂದರೆ ಗಣಿತದ ಸೂತ್ರ ಬರೆಯುವ ಟ್ಯಾಗುಗಳ ಭಾಷೆಯಲ್ಲಿ, ವೆಬ್ ಪುಟಕ್ಕೆ ಹಾಕಿದಾಗ ಸೂತ್ರ ಸರಿ ಬರುತ್ತದೆ, ಅಂಕಿ ಸರಿ ಬರುತ್ತದೆ, ಏಕಮಾನ ಮಾತ್ರ ಕೆಡುತ್ತದೆ. ಮೀಟರ್ ವಾಲಿಕೊಂಡಿರುತ್ತದೆ, ಕೆಜಿ ನೆಟ್ಟಗಿರುತ್ತದೆ, ಗ್ರಾಂ ಎರಡು ತುಂಡಾಗಿರುತ್ತದೆ, ಡಿಗ್ರಿ ಇರಬೇಕಾದ ಕಡೆ ಸೊನ್ನೆ ಕೂತಿರುತ್ತದೆ.

ಇಂಥ ದೋಷಗಳಿಗೆಲ್ಲ ಬೇರು ಹೆಚ್ಚುಕಮ್ಮಿ ಒಂದೇ. ಬ್ರೌಸರಿಗೆ ಅದು ಏಕಮಾನ ಅಂತ ಯಾರೂ ಹೇಳಿರುವುದಿಲ್ಲ. ಹೇಳದೆ ಬಿಟ್ಟರೆ ಅದು ಏಕಮಾನವನ್ನು ಚರಾಕ್ಷರ ಅಂದುಕೊಳ್ಳುತ್ತದೆ, ಇಲ್ಲವೇ ಬಿಡಿ ಅಕ್ಷರಗಳ ರಾಶಿ ಅಂದುಕೊಳ್ಳುತ್ತದೆ. ಹುಡುಕುವಾಗ ಇದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಸೋರ್ಸ್ ನೋಡಿ, ಪರದೆಯನ್ನಲ್ಲ

ಪರದೆ ನೋಡಿ ಊಹೆ ಮಾಡುತ್ತಾ ಕೂತರೆ ಗಂಟೆಗಟ್ಟಲೆ ಹೋಗುತ್ತದೆ. ಕೆಟ್ಟ ಏಕಮಾನದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಮ್ಯಾಥ್‌ಎಂಎಲ್‌ನಲ್ಲಿ ನಮಗೆ ಇಲ್ಲಿ ಬೇಕಾಗುವ ಟ್ಯಾಗುಗಳು ನಾಲ್ಕೈದೇ: ಅಂಕಿಗೆ ಎಂಎನ್ (mn), ಚರಾಕ್ಷರ ಅಥವಾ ಹೆಸರಿಗೆ ಎಂಐ (mi), ಕೂಡು ಕಳೆ ಗುಣಿಸು ಚಿಹ್ನೆಗಳಿಗೆ ಎಂಓ (mo), ಮಾತಿಗೆ ಎಂಟೆಕ್ಸ್ಟ್ (mtext), ಘಾತಕ್ಕೆ ಎಂಸಪ್ (msup). ನಿಮ್ಮ ಏಕಮಾನ ಯಾವ ಟ್ಯಾಗಿನೊಳಗೆ ಕೂತಿದೆ, ಒಂದೇ ಟ್ಯಾಗಿನಲ್ಲಿದೆಯೋ ಹಂಚಿಹೋಗಿದೆಯೋ ಅಂತ ನೋಡಿದರೆ ದೋಷ ಯಾವ ಜಾತಿಯದ್ದು ಅಂತ ಗೊತ್ತಾಗುತ್ತದೆ.

ಆಮೇಲೆ ಆ ಒಂದು ಸೂತ್ರವನ್ನು ಮಾತ್ರ ಕಾಪಿ ಮಾಡಿ ಖಾಲಿ ಎಚ್‌ಟಿಎಂಎಲ್ ಫೈಲಿಗೆ ಹಾಕಿ ತೆರೆಯಿರಿ. ಅಲ್ಲಿ ಸರಿ ಬಂದರೆ ತಪ್ಪು ನಿಮ್ಮ ಪುಟದ ಸ್ಟೈಲ್‌ಶೀಟಿನದ್ದು. ಅಲ್ಲೂ ಕೆಟ್ಟರೆ ತಪ್ಪು ಸೂತ್ರದ್ದೇ. ಟೆಕ್ (TeX) ಎಂಬ ಸೂತ್ರ ಟೈಪ್ ಮಾಡುವ ಭಾಷೆಯಲ್ಲಿ ಬರೆದು, ಅದನ್ನು ವೆಬ್ ಪುಟದಲ್ಲಿ ಸೂತ್ರವಾಗಿ ತೋರಿಸುವ ಮ್ಯಾಥ್‌ಜಾಕ್ಸ್‌ಗೆ ಬಿಡುವವರು ಮ್ಯಾಥ್‌ಜಾಕ್ಸ್ ಮೆನುವಿನಲ್ಲಿ ಮ್ಯಾಥ್‌ಎಂಎಲ್ ಕೋಡ್ ತೋರಿಸು ಅನ್ನುವುದನ್ನು ಒತ್ತಿ ಅದನ್ನು ಓದಬೇಕು, ಯಾಕೆಂದರೆ ನೀವು ಟೈಪ್ ಮಾಡಿದ್ದು ಬೇರೆ, ಬ್ರೌಸರಿಗೆ ತಲುಪಿದ್ದು ಬೇರೆ.

ಎಲ್ಲವೂ ಒಂದೇ ಸಾಲಿನಲ್ಲಿ ಚಪ್ಪಟೆಯಾಗಿ, ಭಿನ್ನರಾಶಿಯ ಗೆರೆಯೇ ಇಲ್ಲದೆ, ಘಾತದ 2 ಕೆಳಗಿಳಿದು ಬಂದಿದ್ದರೆ ಸೂತ್ರವನ್ನು ಮುಟ್ಟಲೇ ಬೇಡಿ. ಅದು ಹಳೆಯ ಬ್ರೌಸರ್. ಕ್ರೋಮ್‌ಗೆ ಮ್ಯಾಥ್‌ಎಂಎಲ್ ಸರಿಯಾಗಿ ಬಂದದ್ದು 2023ರ ಜನವರಿಯಲ್ಲಿ, 109ನೇ ಆವೃತ್ತಿಯಲ್ಲಿ. ಫೈರ್‌ಫಾಕ್ಸ್‌ನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಶಾಲೆಯ ಲ್ಯಾಬಿನಲ್ಲಿ ಅಪ್‌ಡೇಟ್ ಆಗದ ಕಂಪ್ಯೂಟರ್ ಇದ್ದರೆ ಮೊದಲು ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡಿ.

ಒಂದಕ್ಷರದ ಏಕಮಾನ ಮಾತ್ರ ವಾಲಿದೆ

ಹತ್ತು ಮೀಟರ್ ಎತ್ತರದ ತೆಂಗಿನ ಮರದಲ್ಲಿ ಎರಡು ಕೆಜಿ ತೂಕದ ಕಾಯಿ ಇದೆ, ಅದರ ಸ್ಥಿತಿಶಕ್ತಿ ಎಷ್ಟು ಅನ್ನುವ ಲೆಕ್ಕ ತಗೊಳ್ಳಿ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಬೇಕು: 2 × 9.8 × 10, ಅಂದರೆ 196 ಜೂಲ್. ರೋಮನ್ ಅಕ್ಷರದಲ್ಲಿ ಬರೆದರೆ ರಾಶಿಗೂ ಸಣ್ಣ ಎಂ, ಮೀಟರಿಗೂ ಸಣ್ಣ ಎಂ. ಗುರುತ್ವ ವೇಗೋತ್ಕರ್ಷಕ್ಕೂ ಸಣ್ಣ ಜಿ, ಗ್ರಾಮಿಗೂ ಸಣ್ಣ ಜಿ. ಇವನ್ನು ಬೇರೆ ಮಾಡುವುದು ಒಂದೇ ಒಂದು ಸಂಗತಿ: ಚರಾಕ್ಷರ ವಾಲಿರಬೇಕು, ಏಕಮಾನ ನೆಟ್ಟಗಿರಬೇಕು. ಇದು ಅಂತಾರಾಷ್ಟ್ರೀಯ ಏಕಮಾನ ಪದ್ಧತಿಯ ನಿಯಮ. ಪೇಪರಿನಲ್ಲಿ ಟೀಚರು ಕೈಯಲ್ಲಿ ಬರೆಯುವಾಗ ಇದು ದೊಡ್ಡ ವಿಷಯ ಅಲ್ಲ, ಪಕ್ಕದಲ್ಲೇ ನಿಂತು ಹೇಳಿಕೊಡುತ್ತಾರೆ. ಮನೆಯಲ್ಲಿ ಮೊಬೈಲಿನಲ್ಲಿ ಒಬ್ಬನೇ ಓದುವ ಮಗುವಿಗೆ ಆ ವಾಲಿಕೆ ಬಿಟ್ಟರೆ ಬೇರೆ ಸುಳಿವು ಇಲ್ಲ.

ಈಗ ದೋಷ. ಎಂಐ ಟ್ಯಾಗಿಗೆ ಒಂದು ಸ್ವಭಾವ ಇದೆ. ಒಳಗೆ ಒಂದೇ ಅಕ್ಷರ ಇದ್ದರೆ ಅದನ್ನು ವಾಲಿಸುತ್ತದೆ, ಎರಡೋ ಜಾಸ್ತಿಯೋ ಇದ್ದರೆ ನೆಟ್ಟಗೆ ಬಿಡುತ್ತದೆ. ಆದ್ದರಿಂದ ಕೆಜಿ, ಸೆಂಟಿಮೀಟರ್, ಪಾಸ್ಕಲ್ ಎಲ್ಲ ತಾವಾಗಿ ಸರಿ ಬರುತ್ತವೆ. ಮೀಟರ್, ಗ್ರಾಂ, ಸೆಕೆಂಡ್, ನ್ಯೂಟನ್, ಜೂಲ್, ವೋಲ್ಟ್, ಆಂಪಿಯರ್, ಕೆಲ್ವಿನ್ ಇವೆಲ್ಲ ಒಂದಕ್ಷರದವು, ಇವು ವಾಲುತ್ತವೆ. ಮೊದಲ ಸಲ ಕೆಜಿ ಹಾಕಿ ನೋಡಿ ಸರಿ ಇದೆ ಅಂತ ಮುಂದೆ ಹೋದವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಪುಟದಲ್ಲಿ ವಾಲಿದ್ದೆಲ್ಲ ಒಂದಕ್ಷರದ್ದೇ, ನೆಟ್ಟಗಿರುವುದೆಲ್ಲ ಎರಡಕ್ಷರದ್ದೇ ಅಂತಾದರೆ ರೋಗ ಇದೇ, ಬೇರೆ ಹುಡುಕಬೇಡಿ.

ಮದ್ದು: ಆ ಎಂಐ ಟ್ಯಾಗಿಗೆ ಮ್ಯಾಥ್‌ವೇರಿಯಂಟ್ (mathvariant) ಅನ್ನುವ ಆಟ್ರಿಬ್ಯೂಟ್ ಕೊಟ್ಟು ಅದರ ಬೆಲೆ ನಾರ್ಮಲ್ (normal) ಅಂತ ಹಾಕಿ. ಮ್ಯಾಥ್‌ವೇರಿಯಂಟ್‌ಗೆ ಹಿಂದೆ ಬೇಕಾದಷ್ಟು ಬೆಲೆಗಳಿದ್ದವು, ಈಗ ಬ್ರೌಸರುಗಳು ಅನುಸರಿಸುವ ಮ್ಯಾಥ್‌ಎಂಎಲ್ ಕೋರ್‌ನಲ್ಲಿ ಉಳಿದಿರುವುದು ಇದೊಂದೇ. ನಮಗೆ ಬೇಕಾದದ್ದೂ ಇದೊಂದೇ.

ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ. ಸ್ಟೈಲ್‌ಶೀಟಿನಲ್ಲಿ ಫಾಂಟ್‌ಸ್ಟೈಲ್ ನಾರ್ಮಲ್ ಅಂತ ಬರೆಯುತ್ತಾರೆ, ಏನೂ ಆಗುವುದಿಲ್ಲ. ಇಂಪಾರ್ಟೆಂಟ್ ಅಂತ ಸೇರಿಸುತ್ತಾರೆ, ಆಗಲೂ ಏನೂ ಆಗುವುದಿಲ್ಲ. ಯಾಕೆಂದರೆ ಬ್ರೌಸರ್ ಇಲ್ಲಿ ಅಕ್ಷರವನ್ನು ವಾಲಿಸುತ್ತಿಲ್ಲ, ಅಕ್ಷರವನ್ನೇ ಬದಲಾಯಿಸುತ್ತಿದೆ. ಎಲ್ಲ ಲಿಪಿಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಗಣಿತಕ್ಕೆಂದೇ ವಾಲಿದ ಅಕ್ಷರಗಳ ಒಂದು ಬೇರೆ ಸಾಲು ಇದೆ, ಸಾದಾ ಎಂ ತೆಗೆದು ಆ ಸಾಲಿನ ಎಂ ಇಡುತ್ತದೆ. ಆ ಬದಲಾವಣೆ ನಡೆಯುವುದು ಟೆಕ್ಸ್ಟ್‌ಟ್ರಾನ್ಸ್‌ಫಾರ್ಮ್ (text-transform) ಎಂಬ ಸಿಎಸ್‌ಎಸ್ ಗುಣದಿಂದ. ಅದರ ಬೆಲೆಯನ್ನು ನನ್ (none) ಮಾಡಿದರೆ ಮಾತ್ರ ನಿಲ್ಲುತ್ತದೆ. ಪುಟದಲ್ಲಿ ನೂರಾರು ಏಕಮಾನ ಇದ್ದರೆ ಎಲ್ಲಕ್ಕೂ ಒಂದು ಕ್ಲಾಸ್ ಕೊಟ್ಟು, ಆ ಕ್ಲಾಸಿಗೆ ಟೆಕ್ಸ್ಟ್‌ಟ್ರಾನ್ಸ್‌ಫಾರ್ಮ್ ನನ್ ಅಂತ ಒಂದೇ ಸಾಲು ಬರೆಯಿರಿ. ಆ ಕ್ಲಾಸ್ ಮುಂದೆಯೂ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಏಕಮಾನ ಇದೆ ಅಂತ ಒಂದೇ ಸಲಕ್ಕೆ ಬಣ್ಣ ಹಾಕಿ ನೋಡಬಹುದು. ವೆಬ್ಬಿನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2003ರಲ್ಲೇ ಏಕಮಾನಗಳ ಬಗ್ಗೆ ಹೊರಡಿಸಿದ ಟಿಪ್ಪಣಿಯಲ್ಲೂ ಕ್ಲಾಸ್ ಕೊಟ್ಟು ಗುರುತಿಸುವ ದಾರಿಯೇ ಇತ್ತು.

ಎಂಟೆಕ್ಸ್ಟ್‌ನಲ್ಲಿ ಹಾಕಿದರೆ ವಾಲುವುದಿಲ್ಲ ಅಲ್ವಾ ಅಂತ ಕೇಳುತ್ತಾರೆ. ಹೌದು, ವಾಲುವುದಿಲ್ಲ. ರೋಮನ್ ಸಂಕೇತಕ್ಕೆ ನಾನು ಎಂಐ ಜೊತೆಗೆ ನಾರ್ಮಲ್ ಅನ್ನೇ ಶಿಫಾರಸು ಮಾಡುತ್ತೇನೆ, ಏಕಮಾನವೂ ಲೆಕ್ಕದ ಒಂದು ಭಾಗ, ಅದನ್ನು ಗುಣಿಸಬಹುದು, ಭಾಗಿಸಬಹುದು, ಸುಮ್ನೆ ಮಾತಲ್ಲ. ಕನ್ನಡದಲ್ಲಿ ಬರೆಯುವಾಗ ಎಂಟೆಕ್ಸ್ಟ್ ಒಳ್ಳೆಯದು, ಅದಕ್ಕೆ ಕಾರಣ ಮುಂದೆ ಇದೆ.

ಕನ್ನಡದ ಏಕಮಾನ ಒಡೆದು ಚುಕ್ಕಿಯ ವೃತ್ತ ಬಂದಿದೆ

ಇದು ನಮ್ಮದೇ ದೋಷ, ಇಂಗ್ಲಿಷಿನ ಯಾವ ಕೈಪಿಡಿಯಲ್ಲೂ ಹುಡುಕಿ ಪ್ರಯೋಜನ ಇಲ್ಲ.

"ಮೀ" ಅಂತ ಸೂತ್ರದ ಎಡಿಟರಿನಲ್ಲಿ ಟೈಪ್ ಮಾಡಿದರೆ ಪರದೆಯಲ್ಲಿ "ಮ" ಒಂದು ಕಡೆ, ಅದರ ಪಕ್ಕ ಚುಕ್ಕಿಚುಕ್ಕಿಯ ವೃತ್ತಕ್ಕೆ ಅಂಟಿಕೊಂಡ ದೀರ್ಘ "◌ೀ" ಇನ್ನೊಂದು ಕಡೆ. ನಮ್ಮ ಕಣ್ಣಿಗೆ ಮೀ ಒಂದು ಅಕ್ಷರ. ಯುನಿಕೋಡಿಗೆ ಎರಡು: ಮ ಅನ್ನುವುದು 3246, ದೀರ್ಘದ ಗುರುತು 3264. ಎಡಿಟರ್ ಇಂಗ್ಲಿಷ್ ಅಭ್ಯಾಸದಲ್ಲಿ ಒಂದೊಂದು ಕೋಡನ್ನೂ ಒಂದೊಂದು ಎಂಐ ಟ್ಯಾಗಿಗೆ ತುಂಬುತ್ತದೆ. ಬೇರೆ ಟ್ಯಾಗಿಗೆ ಹೋದ ದೀರ್ಘಕ್ಕೆ ಕೂರಲು ಮೂಲಾಕ್ಷರ ಸಿಗುವುದಿಲ್ಲ, ಆದ್ದರಿಂದ ಫಾಂಟ್ ಅದಕ್ಕೆ ಆ ಚುಕ್ಕಿಯ ವೃತ್ತವನ್ನು ಕೊಡುತ್ತದೆ. "ಕಿ.ಮೀ." ಅಂತ ಬರೆದರೆ ಇನ್ನೂ ಅವಸ್ಥೆ: ಕ, ಗುಡಿಸು, ಚುಕ್ಕಿ, ಮ, ದೀರ್ಘ, ಮತ್ತೆ ಚುಕ್ಕಿ ಅಂತ ಆರು ತುಂಡು, ಅದರಲ್ಲಿ ಚುಕ್ಕಿಗಳು ಎಂಓ ಆಗಿ ಗಣಿತದ ಚಿಹ್ನೆಯ ವೇಷ ಹಾಕಿರುತ್ತವೆ. "ಗ್ರಾಂ" ಐದು ತುಂಡು, ಒತ್ತಕ್ಷರವೇ ಮಾಯ.

ಇನ್‌ಸ್ಪೆಕ್ಟ್‌ನಲ್ಲಿ ಈ ತುಂಡುಗಳು ಸಾಲಾಗಿ ಕಂಡರೆ ಪರಿಹಾರ ಸುಲಭ. ಇಡೀ ಏಕಮಾನವನ್ನು ಒಂದೇ ಎಂಟೆಕ್ಸ್ಟ್‌ಗೆ ಸೇರಿಸಿ. ಟೆಕ್‌ನಲ್ಲಿ ಬರೆಯುವವರು ಮ್ಯಾಥ್‌ಆರ್‌ಎಂ ಕಮಾಂಡನ್ನು ಕನ್ನಡಕ್ಕೆ ಬಳಸಲೇಬಾರದು, ಅದು ರೋಮನ್ ಅಕ್ಷರಗಳಿಗೆ. ಕನ್ನಡಕ್ಕೆ ಟೆಕ್ಸ್ಟ್ ಕಮಾಂಡ್ ಬಳಸಿ, ಆಗ ಒಳಗಿರುವುದೆಲ್ಲ ಒಟ್ಟಿಗೆ ಒಂದು ಎಂಟೆಕ್ಸ್ಟ್ ಆಗಿ ಬರುತ್ತದೆ.

ಒಂದೇ ಟ್ಯಾಗಿನಲ್ಲಿದ್ದರೂ ಒಡೆದಿದೆ ಅಂತಾದರೆ ಇನ್ನೂ ಸೂಕ್ಷ್ಮದ ತಪ್ಪು. ಈ ಎರಡನ್ನು ನೋಡಿ: "ಗ್ರಾಂ", "ಗ್ರಾ೦". ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಯುನಿಕೋಡ್ 3202. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ, 3302. ಹಳೆಯ ಆಸ್ಕಿ ಫಾಂಟಿನ ಫೈಲುಗಳನ್ನು ಯುನಿಕೋಡಿಗೆ ತಿರುಗಿಸಿದ ಬರಹಗಳಲ್ಲಿ, ಅವಸರದಲ್ಲಿ ಟೈಪ್ ಮಾಡಿದ ಬರಹಗಳಲ್ಲಿ ಇದು ಬೇಕಾದಷ್ಟಿದೆ. ಸಾದಾ ಬರಹದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಸೂತ್ರದಲ್ಲಿ ಹಾಗಲ್ಲ. ಸೂತ್ರದ ಎಡಿಟರ್ ಸೊನ್ನೆಯನ್ನು ಅಂಕಿ ಅಂತಲೇ ಗುರುತಿಸಿ ಎಂಎನ್ ಟ್ಯಾಗಿಗೆ ಹಾಕುತ್ತದೆ. "ಸೆ೦.ಮೀ." ಅನ್ನುವುದು "ಸೆ", ಆಮೇಲೆ ಸೊನ್ನೆ, ಆಮೇಲೆ ಚುಕ್ಕಿ ಅಂತಾಗುತ್ತದೆ, ಚುಕ್ಕಿ ಸೊನ್ನೆಯ ಪಕ್ಕ ಕೂತು ದಶಮಾಂಶದ ಬಿಂದುವಿನ ಹಾಗೆ ನಡೆದುಕೊಳ್ಳುತ್ತದೆ. ಓದಿ ಹೇಳುವ ತಂತ್ರಾಂಶ ಅದನ್ನು ಸೊನ್ನೆ ಅಂತ ಓದಿದರೆ ಅದರ ತಪ್ಪಲ್ಲ.

ಇನ್ನು ನಮ್ಮ ಕಡೆಗೇ ಸೇರಿದ ಒಂದು ತೊಂದರೆ. ಇಲ್ಲಿನ ಕಂಪ್ಯೂಟರುಗಳಲ್ಲಿ ಕನ್ನಡ ಕೀಬೋರ್ಡ್ ಪಕ್ಕದಲ್ಲೇ ಮಲಯಾಳದ್ದೂ ಇರುತ್ತದೆ, ಒಂದೇ ಕೀಯಲ್ಲಿ ಒಂದರಿಂದ ಒಂದಕ್ಕೆ ಹಾರಬಹುದು. ಮಲಯಾಳದ ಅನುಸ್ವಾರ ನೋಡಲು ನಮ್ಮದರ ಹಾಗೇ ಒಂದು ಸಣ್ಣ ವೃತ್ತ, ಆದರೆ ಅದರ ಸಂಖ್ಯೆ 3330. ಆಂಧ್ರದ ಗಡಿಯಲ್ಲಿ, ಮಡಕಶಿರ ಕಡೆ ತೆಲುಗು ಕೀಬೋರ್ಡ್ ಇದ್ದವರಿಗೆ ಅದೇ ವೃತ್ತ 3074 ಆಗಿ ನುಸುಳುತ್ತದೆ. ಲಿಪಿ ಬದಲಾದ ಕೂಡಲೇ ಬ್ರೌಸರ್ ಅಲ್ಲಿಗೆ ಪದವನ್ನು ತುಂಡು ಮಾಡಿ ಬೇರೆ ಫಾಂಟ್ ಹಿಡಿಯುತ್ತದೆ. ಆಗ ಗ್ರಾಂನ ವೃತ್ತ ಮಾತ್ರ ದಪ್ಪವಾಗಿ ಕಾಣುತ್ತದೆ, ಅಥವಾ ಅದರ ಹಿಂದೆ ಚುಕ್ಕಿಯ ವೃತ್ತ ಬರುತ್ತದೆ.

ಕಂಡುಹಿಡಿಯುವ ದಾರಿ: ಕನ್ನಡ ಕೀಬೋರ್ಡಿನಲ್ಲಿ "ಗ್ರಾಂ" ಅಂತ ಹೊಸದಾಗಿ ಟೈಪ್ ಮಾಡಿ ಪುಟದಲ್ಲಿ ಕಂಟ್ರೋಲ್ ಎಫ್ ಒತ್ತಿ ಹುಡುಕಿ. ಕಣ್ಣೆದುರೇ ಇರುವ ಗ್ರಾಂ ಸಿಗದಿದ್ದರೆ ಒಳಗೆ ಬೇರೇನೋ ಕೂತಿದೆ. ಖಚಿತ ಬೇಕಾದರೆ ಬ್ರೌಸರಿನ ಕನ್ಸೋಲಿನಲ್ಲಿ ಆ ಅಕ್ಷರಕ್ಕೆ ಕೋಡ್‌ಪಾಯಿಂಟ್‌ಆ್ಯಟ್ (codePointAt) ಕೇಳಿ, ಮೇಲೆ ಹೇಳಿದ ಸಂಖ್ಯೆಗಳಲ್ಲಿ ಒಂದು ಬರುತ್ತದೆ. ಸಿಕ್ಕಿದ ಮೇಲೆ ಒಂದೊಂದನ್ನೇ ಕೈಯಲ್ಲಿ ತಿದ್ದಬೇಡಿ, ಇಡೀ ಫೈಲಿನಲ್ಲಿ ಹುಡುಕಿ ಬದಲಾಯಿಸಿ. ಸೊನ್ನೆಯನ್ನು ಮಾತ್ರ ಕುರುಡಾಗಿ ಬದಲಾಯಿಸಬೇಡಿ, ೧೦ ಮೀ ಅನ್ನುವುದರ ಸೊನ್ನೆಯೂ ಅನುಸ್ವಾರ ಆಗಿಬಿಡುತ್ತದೆ. ಹಿಂದೆ ಕನ್ನಡ ಅಕ್ಷರ ಇರುವ ಸೊನ್ನೆಯನ್ನು ಮಾತ್ರ ತಿದ್ದಿ.

ಚುಕ್ಕಿಯ ವಿಷಯ ಬಂದದ್ದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ. ವಾಕ್ಯದಲ್ಲಿ ಕಿ.ಮೀ., ಸೆಂ.ಮೀ., ಕಿ.ಗ್ರಾಂ ಅಂತ ಬರೆಯುವುದು ನಮ್ಮ ರೂಢಿ, ಅದು ಇರಲಿ. ಸೂತ್ರದೊಳಗೆ ಮಾತ್ರ ರೋಮನ್ ಸಂಕೇತವನ್ನೇ ಬಳಸುವುದು ಒಳ್ಳೆಯದು. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಏಕಮಾನದ ಸಂಕೇತ ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ, ಅದಕ್ಕೆ ಕೊನೆಯಲ್ಲಿ ಚುಕ್ಕಿ ಇಲ್ಲ, ಬಹುವಚನವೂ ಇಲ್ಲ. ಐದು, ಆರನೇ ಕ್ಲಾಸಿನ ಮಕ್ಕಳಿಗೆ ಸೂತ್ರದಲ್ಲೂ ಕನ್ನಡ ಬೇಕು ಅಂತಾದರೆ ಚುಕ್ಕಿ ಬಿಟ್ಟು "ಕಿಮೀ", "ಸೆಂಮೀ" ಅಂತ ಬರೆಯಿರಿ. ಚುಕ್ಕಿ ಇಟ್ಟು ಅದರ ಮೇಲೆ ಘಾತ ಕೂರಿಸಿದರೆ "ಸೆಂ.ಮೀ.²" ಅನ್ನುವುದು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. "ಸೆ." ಅಂತ ಒಂದೇ ಅಕ್ಷರಕ್ಕೆ ಇಳಿಸುವುದನ್ನಂತೂ ಬಿಟ್ಟುಬಿಡಿ. ಒಂದೇ ವರ್ಕ್‌ಶೀಟಿನಲ್ಲಿ ಅದು ಒಂದು ಕಡೆ ಸೆಕೆಂಡ್, ಇನ್ನೊಂದು ಕಡೆ ಸೆಲ್ಸಿಯಸ್ ಆಗಿರುತ್ತದೆ.

ಎಲ್ಲ ಸರಿ ಇದ್ದೂ ಕನ್ನಡದ ಬದಲು ಡಬ್ಬಿಗಳು ಬಂದರೆ ಅದು ಫಾಂಟಿನ ಕೊರತೆ. ಗಣಿತದ ಫಾಂಟುಗಳಾದ ಸ್ಟಿಕ್ಸ್ ಟು ಮ್ಯಾಥ್, ಲ್ಯಾಟಿನ್ ಮಾಡರ್ನ್ ಮ್ಯಾಥ್, ಕೇಂಬ್ರಿಯಾ ಮ್ಯಾಥ್ ಯಾವುದರಲ್ಲೂ ಕನ್ನಡ ಇಲ್ಲ. ಬ್ರೌಸರ್ ಬೇರೆ ಫಾಂಟ್ ಹುಡುಕಬೇಕು. ಎಂಟೆಕ್ಸ್ಟ್‌ಗೆ ನೋಟೋ ಸ್ಯಾನ್ಸ್ ಕನ್ನಡವನ್ನೋ ಲೋಹಿತ್ ಕನ್ನಡವನ್ನೋ ನೀವೇ ಹೆಸರಿಸಿಬಿಡಿ. ಭಿನ್ನರಾಶಿಯ ಮೇಲ್ಭಾಗದಲ್ಲಿ "ಗ್ರಾಂ" ಹಾಕಿದಾಗ ರ ಒತ್ತು ಕೆಳಗಿನ ಗೆರೆಗೆ ತಾಗುತ್ತಿದ್ದರೆ ಭಿನ್ನರಾಶಿ ಬಿಟ್ಟು ಓರೆಗೆರೆ ಬಳಸಿ. ಘಾತದ ಜಾಗದಲ್ಲಿ, ಸಬ್‌ಸ್ಕ್ರಿಪ್ಟ್ ಜಾಗದಲ್ಲಿ ಕನ್ನಡ ಬೇಡವೇ ಬೇಡ. ಅಲ್ಲಿ ಅಕ್ಷರ ಸುಮಾರು 0.71 ಪಾಲಿಗೆ ಇಳಿಯುತ್ತದೆ, ಇನ್ನೊಂದು ಮೆಟ್ಟಿಲು ಕೆಳಗಾದರೆ ಅರ್ಧಕ್ಕೆ. ಒತ್ತಕ್ಷರ ಮಸಿಯ ಚುಕ್ಕಿ ಆಗುತ್ತದೆ.

ಅಂಕಿಗೆ ಏಕಮಾನ ಅಂಟಿಕೊಂಡಿದೆ

ನಿಯಮ ಸರಳ: ಅಂಕಿ, ಒಂದು ಸಣ್ಣ ಜಾಗ, ಏಕಮಾನ. ಎಂಎನ್ ಪಕ್ಕದಲ್ಲಿ ಎಂಐ ಬಂದರೆ ಬ್ರೌಸರ್ ನಡುವೆ ಜಾಗ ಬಿಡುವುದಿಲ್ಲ, ಯಾಕೆಂದರೆ ಅದಕ್ಕೆ ಅದು ಎರಡು ಗುಣಿಸು ಚರಾಕ್ಷರ ಅನ್ನುವ ಹಾಗೆ. ಆಗ ಜನ ಟ್ಯಾಗಿನೊಳಗೆ ಸ್ಪೇಸ್‌ಬಾರ್ ಒತ್ತುತ್ತಾರೆ. ಟ್ಯಾಗಿನ ಆರಂಭದಲ್ಲೂ ಕೊನೆಯಲ್ಲೂ ಇರುವ ಸ್ಪೇಸನ್ನು ಮ್ಯಾಥ್‌ಎಂಎಲ್ ಕತ್ತರಿಸಿ ಎಸೆಯುತ್ತದೆ, ಹತ್ತು ಸಲ ಒತ್ತಿದರೂ ಅಷ್ಟೇ.

ಎಂಸ್ಪೇಸ್ ಟ್ಯಾಗ್ ಹಾಕಿ ಅದರ ಅಗಲ 0.17 ಇಎಂನಿಂದ 0.25 ಇಎಂ ವರೆಗೆ (ಒಂದು ಇಎಂ ಅಂದರೆ ಅಲ್ಲಿನ ಅಕ್ಷರದ ಗಾತ್ರದಷ್ಟು) ಏನಾದರೂ ಕೊಡಿ, ಕೆಲಸ ಮುಗಿಯಿತು. ಇನ್ನೊಂದು ದಾರಿ, ನಡುವೆ ಕಣ್ಣಿಗೆ ಕಾಣದ ಗುಣಾಕಾರದ ಚಿಹ್ನೆ ಇಡುವುದು. ಅದರ ಸಂಖ್ಯೆ 8290, ಅದನ್ನು ಎಂಓ ಟ್ಯಾಗಿನಲ್ಲಿ ಇಟ್ಟು ಬಲಬದಿಯ ಜಾಗವನ್ನು ಆರ್‌ಸ್ಪೇಸ್ ಆಟ್ರಿಬ್ಯೂಟಿನಲ್ಲಿ ಹೇಳಬೇಕು. ಸುಮ್ನೆ ಆ ಚಿಹ್ನೆ ಮಾತ್ರ ಇಟ್ಟರೆ ಜಾಗ ಬರುವುದಿಲ್ಲ, ಅದರ ಸ್ವಂತ ಅಗಲ ಸೊನ್ನೆ.

ಹಳೆಯ ಪುಟಗಳಿಂದ ಕಾಪಿ ಮಾಡಿದ ಸೂತ್ರಗಳಲ್ಲಿ ಆರ್‌ಸ್ಪೇಸ್‌ಗೆ ಥಿಕ್‌ಮ್ಯಾಥ್‌ಸ್ಪೇಸ್ ಅನ್ನುವ ಹೆಸರು ಬರೆದಿರುತ್ತದೆ. ಹಿಂದೆ ಅದು ನಡೆಯುತ್ತಿತ್ತು, 5/18 ಇಎಂ ಅಂತ ಅದರ ಅರ್ಥ. ಮ್ಯಾಥ್‌ಎಂಎಲ್ ಕೋರ್‌ನಲ್ಲಿ ಈ ಹೆಸರುಗಳನ್ನು ಕೈಬಿಟ್ಟಿದ್ದಾರೆ. ಬ್ರೌಸರ್ ದೂರು ಹೇಳುವುದಿಲ್ಲ, ಎಚ್ಚರಿಕೆಯೂ ಕೊಡುವುದಿಲ್ಲ, ಸುಮ್ಮನೆ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹಿಂದೆ ಸರಿ ಇದ್ದ ಪುಟ ಈಗ ಅಂಟಿಕೊಂಡಿದೆ ಅಂತಾದರೆ ಮೊದಲು ಇದನ್ನೇ ಹುಡುಕಿ, ಹೆಸರು ತೆಗೆದು 0.278 ಇಎಂ ಅಂತ ಬರೆಯಿರಿ.

ಸಾಲಿನ ಕೊನೆಯಲ್ಲಿ ಅಂಕಿ ಉಳಿದು ಏಕಮಾನ ಕೆಳಗಿನ ಸಾಲಿಗೆ ಜಾರಿದ್ದರೆ ಅಂಕಿ ಸೂತ್ರದ ಹೊರಗೆ ಸಾದಾ ಬರಹದಲ್ಲಿದೆ, ಏಕಮಾನ ಮಾತ್ರ ಒಳಗಿದೆ ಅಂತ ಅರ್ಥ. ಎರಡನ್ನೂ ಒಂದೇ ಸೂತ್ರಕ್ಕೆ ಸೇರಿಸಿ. ಎರಡೂ ಬರಹದಲ್ಲೇ ಇದ್ದರೆ ನಡುವೆ 160 ಸಂಖ್ಯೆಯ ಮುರಿಯದ ಸ್ಪೇಸ್ ಇಡಿ.

ಡಿಗ್ರಿ, ಓಮ್, ಮೈಕ್ರೊ

ಕೋನ 30° ಅಂತ ಬರೆಯಬೇಕಾದಲ್ಲಿ ಅಂಕಿಯ ಮೇಲೆ ಸೊನ್ನೆಯನ್ನು ಘಾತವಾಗಿ ಏರಿಸಿ 30⁰ ಅಂತ ಬರೆದ ಪುಟಗಳು ಎಷ್ಟೋ ಇವೆ. ನೋಡಲು ಒಂದೇ ಥರ. ಆದರೆ ಗಣಿತದಲ್ಲಿ 30ರ ಘಾತ ಸೊನ್ನೆ ಅಂದರೆ 1. ಹತ್ತನೇ ಕ್ಲಾಸಿನ ತ್ರಿಕೋನಮಿತಿಯ ಪುಟದಲ್ಲಿ ಇದನ್ನು ಬಿಡಲೇಬಾರದು. ಸೋರ್ಸಿನಲ್ಲಿ ಎಂಸಪ್ ಕಂಡು ಅದರ ಮೇಲ್ಭಾಗದಲ್ಲಿ ಸೊನ್ನೆಯೋ ರೋಮನ್ ಓ ಅಕ್ಷರವೋ ಇದ್ದರೆ ತೆಗೆದು 176 ಸಂಖ್ಯೆಯ ನಿಜವಾದ ಡಿಗ್ರಿ ಚಿಹ್ನೆ ಹಾಕಿ. 186 ಕೂಡ ಡಿಗ್ರಿಯ ಹಾಗೇ ಕಾಣುತ್ತದೆ, ಅದು ಸ್ಪ್ಯಾನಿಷ್, ಪೋರ್ಚುಗೀಸ್ ಬರಹದಲ್ಲಿ ಬಳಸುವ ಅಕ್ಷರ, ಬೇಡ. ಕೋನದ ಡಿಗ್ರಿ ಅಂಕಿಗೆ ಅಂಟಿಕೊಂಡಿರಬೇಕು. ಉಷ್ಣತೆಯ ಡಿಗ್ರಿ ಸೆಲ್ಸಿಯಸ್‌ಗೆ ಮುಂಚೆ ಜಾಗ ಬೇಕು, ಡಿಗ್ರಿ ಮತ್ತು ಸಿ ಎರಡೂ ಒಂದೇ ಎಂಐ ಒಳಗೆ ಇರಬೇಕು.

ಓಮ್‌ನದ್ದು ವಿಚಿತ್ರ ರೋಗ. ನಿನ್ನೆ ನೆಟ್ಟಗಿತ್ತು, ಇವತ್ತು ಸೇವ್ ಮಾಡಿದ ಮೇಲೆ ವಾಲಿದೆ, ಯಾರೂ ಮುಟ್ಟಿಲ್ಲ ಅನ್ನುತ್ತಾರೆ. ಯುನಿಕೋಡಿನಲ್ಲಿ ಓಮ್‌ಗೆಂದೇ 8486 ಸಂಖ್ಯೆಯ ಒಂದು ಚಿಹ್ನೆ ಇದೆ, ಗ್ರೀಕ್ ದೊಡ್ಡಕ್ಷರ ಒಮೇಗಾಕ್ಕೆ 937. ಮೊದಲನೆಯದಕ್ಕೆ ಗಣಿತದ ವಾಲಿದ ಜೋಡಿ ಇಲ್ಲ, ಆದ್ದರಿಂದ ಎಂಐ ಒಳಗೆ ಒಂಟಿಯಾಗಿದ್ದರೂ ನೆಟ್ಟಗೇ ಇರುತ್ತದೆ. ಪುಟ ಸೇವ್ ಮಾಡುವ ತಂತ್ರಾಂಶ ಯುನಿಕೋಡ್ ನಾರ್ಮಲೈಸ್ ಮಾಡಿದರೆ, ಅಂದರೆ ಒಂದೇ ಅರ್ಥದ ಚಿಹ್ನೆಗಳನ್ನು ಒಂದೇ ಸಂಖ್ಯೆಗೆ ತಂದರೆ, 8486 ತಾನಾಗಿ 937 ಆಗುತ್ತದೆ. 937ಕ್ಕೆ ವಾಲಿದ ಜೋಡಿ ಇದೆ, ಕೂಡಲೇ ವಾಲುತ್ತದೆ. ಕೆಲ್ವಿನ್‌ಗೂ ಹಾಗೇ, 8490 ಚಿಹ್ನೆ ಸಾದಾ ಕೆ ಆಗಿ ಬದಲಾಗುತ್ತದೆ. ಮೊದಲಿಂದಲೇ 937 ಮತ್ತು ಸಾದಾ ಕೆ ಬಳಸಿ, ಮ್ಯಾಥ್‌ವೇರಿಯಂಟ್ ನಾರ್ಮಲ್ ಕೊಟ್ಟುಬಿಟ್ಟರೆ ಈ ಆಟ ಇಲ್ಲ. ಮೈಕ್ರೊ ಚಿಹ್ನೆಯೂ ಎರಡಿವೆ, 181 ಮತ್ತು ಗ್ರೀಕ್ ಮ್ಯೂ 956. ಇವೆರಡು ಸಾಮಾನ್ಯ ನಾರ್ಮಲೈಸ್‌ನಲ್ಲಿ ಒಂದಾಗುವುದಿಲ್ಲ. ಯಾವುದಾದರೂ ಒಂದನ್ನೇ ಇಡೀ ಪುಟದಲ್ಲಿ ಬಳಸಿ, ಇಲ್ಲದಿದ್ದರೆ ಹುಡುಕಿದಾಗ ಅರ್ಧ ಮಾತ್ರ ಸಿಗುತ್ತದೆ.

ಘಾತ ಯಾವುದಕ್ಕೆ ಅಂಟಿದೆ

ಚದರ ಸೆಂಟಿಮೀಟರ್ ಬರೆಯುವಾಗ ಘಾತ 2 ಇಡೀ ಸೆಂಟಿಮೀಟರಿಗೆ ಸೇರಿದ್ದು, ಮೀಟರಿಗೆ ಮಾತ್ರ ಅಲ್ಲ. ಒಂದು ಚದರ ಸೆಂಟಿಮೀಟರ್ ಅಂದರೆ ಚದರ ಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು, ನೂರರಲ್ಲಿ ಒಂದಲ್ಲ. ಎಡಿಟರುಗಳು ಸಿ ಅಕ್ಷರವನ್ನು ಒಂದು ಎಂಐಗೆ ಹಾಕಿ, ಎಂ ಮತ್ತು 2 ಎರಡನ್ನು ಮಾತ್ರ ಎಂಸಪ್‌ಗೆ ಹಾಕುತ್ತವೆ. ಪರದೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಸಿ ಮತ್ತು ಎಂ ಎರಡೂ ವಾಲಿರುವುದೊಂದೇ ಸುಳಿವು. ಎಂಸಪ್‌ನ ಮೊದಲ ಭಾಗದಲ್ಲಿ ಇಡೀ ಏಕಮಾನ ಒಂದೇ ಎಂಐ ಆಗಿ ಇರಬೇಕು.

ನಮ್ಮಲ್ಲಿ ಜಾಗದ ಅಳತೆ ಸೆಂಟ್ ಲೆಕ್ಕದಲ್ಲಿ ನಡೆಯುತ್ತದೆ, ನೂರು ಸೆಂಟ್‌ಗೆ ಒಂದು ಎಕರೆ, ಒಂದು ಸೆಂಟ್ ಅಂದರೆ ಸುಮಾರು 40.47 ಚದರ ಮೀಟರ್. ಹತ್ತು ಸೆಂಟ್ ಜಾಗ 404.7 ಚದರ ಮೀಟರ್ ಅನ್ನುವ ಲೆಕ್ಕ ಮಕ್ಕಳಿಗೆ ಮನೆಯಲ್ಲೇ ಕೇಳಿ ಗೊತ್ತಿರುತ್ತದೆ, ವರ್ಕ್‌ಶೀಟಿಗೆ ಬಹಳ ಒಳ್ಳೆಯ ಉದಾಹರಣೆ. ಇದನ್ನು "ಸೆಂ." ಅಂತ ಕುಗ್ಗಿಸಬೇಡಿ, ಸೆಂಟಿಮೀಟರಿನ ತುಂಡಿನ ಹಾಗೆ ಕಾಣುತ್ತದೆ. ಸೆಂಟ್ ಅಂತ ಪೂರ್ತಿ ಬರೆದು ಒಂದು ಎಂಟೆಕ್ಸ್ಟ್‌ನಲ್ಲಿ ಇಡಿ, ಸಮ ಚಿಹ್ನೆ ಎಂಓನಲ್ಲಿ ಇರಲಿ, ಬಲಬದಿಯಲ್ಲಿ ಮೀಟರಿಗೆ ಮಾತ್ರ ಎಂಸಪ್.

ಎರಡು ಏಕಮಾನ ಗುಣಿಸಿ ಬಂದಾಗ ನಡುವೆ ಬೇರ್ಪಡಿಸುವುದು ಕಡ್ಡಾಯ. ಎಂ ಮತ್ತು ಎಸ್ ಒಂದೇ ಎಂಐ ಒಳಗೆ ಅಂಟಿದರೆ ಅದು ಮಿಲಿಸೆಕೆಂಡ್. ಬೇರೆ ಬೇರೆ ಎಂಐ ಇಟ್ಟು ನಡುವೆ ಗುಣಾಕಾರದ ಬಿಂದು 8901 ಹಾಕಿದರೆ ಮೀಟರ್ ಸೆಕೆಂಡ್. ನ್ಯೂಟನ್ ಮೀಟರಿಗೂ ಮಿಲಿನ್ಯೂಟನ್‌ಗೂ ಇದೇ ತಾಪತ್ರಯ, ಅಲ್ಲಿ ಯಾವುದು ಮೊದಲು ಅನ್ನುವುದೂ ಮುಖ್ಯ. ಓರೆಗೆರೆಯನ್ನು ಒಂದೇ ಏಕಮಾನದಲ್ಲಿ ಎರಡು ಸಲ ಹಾಕಬೇಡಿ, ಮೀಟರ್ ಪರ್ ಸೆಕೆಂಡ್ ಪರ್ ಸೆಕೆಂಡ್ ಅನ್ನುವುದನ್ನು m/s² ಥರ ಸೆಕೆಂಡಿನ ವರ್ಗವಾಗಿಯೇ ಬರೆಯಿರಿ.

ಟೆಕ್‌ನಲ್ಲಿ ಎಸ್‌ಐಯೂನಿಟ್‌ಎಕ್ಸ್ ಪ್ಯಾಕೇಜ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ, ಪಿಡಿಎಫ್ ಮಾಡುವವರು ಕಣ್ಣುಮುಚ್ಚಿ ಅದನ್ನೇ ಬಳಸಬಹುದು. 2021ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಎಸ್‌ಐ ಕಮಾಂಡಿನ ಜಾಗಕ್ಕೆ ಕ್ಯೂಟಿವೈ ಬಂದಿದೆ. ಅದೇ ಸೂತ್ರವನ್ನು ಮ್ಯಾಥ್‌ಜಾಕ್ಸ್‌ಗೆ ಅಂಟಿಸಿದಾಗ ಕಮಾಂಡಿನ ಹೆಸರು ಕೆಂಪಕ್ಷರದಲ್ಲಿ ಬಂದರೆ ಗಾಬರಿ ಬೇಡ, ಮ್ಯಾಥ್‌ಜಾಕ್ಸ್‌ಗೆ ಆ ಕಮಾಂಡ್ ಗೊತ್ತಿಲ್ಲ ಅಂತಷ್ಟೇ ಅರ್ಥ.

ನೋಡಲು ಸರಿ, ಕೇಳಲು ತಪ್ಪು

ಕಣ್ಣು ಕಾಣದ ಮಕ್ಕಳು ಸ್ಕ್ರೀನ್ ರೀಡರಿನಲ್ಲಿ ಸೂತ್ರ ಕೇಳುತ್ತಾರೆ. ಹತ್ತು ಮೀಟರ್ ಅನ್ನುವುದು ಅವರಿಗೆ ಹತ್ತು ಎಂ ಅಂತಲೋ ಹತ್ತು ಗುಣಿಸು ಎಂ ಅಂತಲೋ ಕೇಳಿಸಬಹುದು. ಆಗ ಅದು ರಾಶಿಯೋ ಮೀಟರೋ ಅಂತ ತಿಳಿಯಲು ಅವರಿಗೆ ವಾಲಿಕೆಯೂ ಕಾಣುವುದಿಲ್ಲ. ಪುಟ ಸರಿ ಇದೆ ಅಂತ ಹೇಳುವ ಮೊದಲು ಎನ್‌ವಿಡಿಎ ಅಥವಾ ಲಿನಕ್ಸಿನ ಓರ್ಕಾ ಹಾಕಿ ಒಂದು ಸಲ ಕಿವಿಯಲ್ಲಿ ಕೇಳಿ. ಇದನ್ನು ಬಿಡಬಾರದು ಅನ್ನುವುದು ನನ್ನ ಕಳಕಳಿ.

ಮ್ಯಾಥ್‌ಎಂಎಲ್ 4ರ ಕರಡಿನಲ್ಲಿ ಇದಕ್ಕೆಂದೇ ಇಂಟೆಂಟ್ ಅನ್ನುವ ಆಟ್ರಿಬ್ಯೂಟ್ ತಂದಿದ್ದಾರೆ. ಏಕಮಾನದ ಎಂಐಗೆ ಇಂಟೆಂಟ್ ಕೊಟ್ಟು ಬೆಲೆಯಾಗಿ ಕೋಲನ್ ಚಿಹ್ನೆ, ಅದರ ಬೆನ್ನಿಗೇ ಯೂನಿಟ್ ಅಂತ ಬರೆದರೆ, ಅದನ್ನು ಅರ್ಥಮಾಡಿಕೊಳ್ಳುವ ತಂತ್ರಾಂಶ ಎಂ ಬದಲು ಮೀಟರ್ ಅಂತ ಓದುತ್ತದೆ. ಅರ್ಥ ಆಗದ ಬ್ರೌಸರ್ ಅದನ್ನು ಕಡೆಗಣಿಸುತ್ತದೆ, ಪುಟಕ್ಕೆ ಏನೂ ಹಾನಿ ಇಲ್ಲ. ಈಗಲೇ ಹಾಕಿಟ್ಟುಕೊಳ್ಳಿ.

ಟೇಬಲಿನ ತಲೆಸಾಲಿನಲ್ಲಿ ಮಾತ್ರ ಮಿಲಿಗ್ರಾಂ ದೊಡ್ಡಕ್ಷರದಲ್ಲಿ ಬಂದಿದ್ದರೆ ಪುಟದ ಥೀಮ್ ಆ ಸಾಲಿಗೆ ಟೆಕ್ಸ್ಟ್‌ಟ್ರಾನ್ಸ್‌ಫಾರ್ಮ್ ಅಪ್ಪರ್‌ಕೇಸ್ ಕೊಟ್ಟಿದೆ. ಎಂಟೆಕ್ಸ್ಟ್ ಅದನ್ನು ಹಾಗೇ ಪಡೆದುಕೊಳ್ಳುತ್ತದೆ. ಸಣ್ಣ ಎಂ ಮಿಲಿ, ದೊಡ್ಡ ಎಂ ಮೆಗಾ, ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ. ಸಣ್ಣ ಎಸ್ ಸೆಕೆಂಡ್, ದೊಡ್ಡ ಎಸ್ ಸೀಮೆನ್ಸ್. ಮ್ಯಾಥ್ ಟ್ಯಾಗಿಗೆ ಟೆಕ್ಸ್ಟ್‌ಟ್ರಾನ್ಸ್‌ಫಾರ್ಮ್ ನನ್ ಅಂತ ಒಂದು ಸಾಲು ಸ್ಟೈಲ್‌ಶೀಟಿಗೆ ಸೇರಿಸಿ. ಎಂಐ ಟ್ಯಾಗಿನ ಚರಾಕ್ಷರಗಳಿಗೆ ಅವುಗಳದ್ದೇ ನಿಯಮ ಇರುವುದರಿಂದ ಅವು ಮೊದಲಿನ ಹಾಗೇ ವಾಲಿರುತ್ತವೆ, ತಲೆಸಾಲಿನ ಏಕಮಾನ ಮಾತ್ರ ಸಣ್ಣಕ್ಷರಕ್ಕೆ ವಾಪಸ್ ಬರುತ್ತದೆ.